ಸದ್ದಿಲ್ಲದ ಕಾರಿಗೆ ಜಾಸ್ತಿ ಕೊಟ್ಟವನು

"ಇಂಜಿನ್ ಸದ್ದು ಕಿವಿಗೆ ಬಿದ್ರೆ ಸಾಕು ಕಣ್ರೋ, ಗಾಡಿ ಯಾರದ್ದು, ಎಲ್ಲಿಗೆ ಹೊರಟಿದೆ, ಓಡಿಸ್ತಿರೋನು ಬೆಳಿಗ್ಗೆ ಹೆಂಡ್ತಿ ಹತ್ರ ಬೈಸಿಕೊಂಡಿದಾನೋ ಇಲ್ವೋ, ಎಲ್ಲಾ ಹೇಳ್ತೀನಿ. ಇನ್ನು ಮಾರೋ ವಿಷಯಕ್ಕೆ ಬಂದ್ರೆ, ನನ್ನ ಕೈಲಿ ಕಾರು ಕೊಳ್ಳದೆ ಉಳಿದೋನು ಈ ಕರಿಂಗಾದಲ್ಲಿ ಯಾವನಾದ್ರೂ ಇದ್ರೆ, ಅವನು ಇನ್ನೂ ತೊಟ್ಟಿಲಲ್ಲಿದಾನೆ ಅಂತ ಅರ್ಥ!"

ರೈಲ್ವೆ ಹೋಟೆಲಿನ ಬಾರಿನಲ್ಲಿ ಬಿಯರ್ ಲೋಟ ಎತ್ತಿ ಮರ್ವ್ ಟ್ರೆಲೋರ್ ಹೀಗೆ ಹೇಳಿದಾಗ ಯಾರೂ ಎದುರಾಡಲಿಲ್ಲ. ಅವನು ದಾರಿ ಕೇಳಲು ಬಂದವನಿಗೆ ಲಾರಿ ಮಾರಿದ್ದ. ಹೆಣದ ಜೊತೆ ಹೊರಟಿದ್ದ ಪಾದ್ರಿಗೆ ಸ್ಮಶಾನ ತಲುಪುವುದರೊಳಗೆ ವ್ಯಾನು ಒಪ್ಪಿಸಿದ್ದ. ವಿಕ್ಟೋರಿಯಾದ ಆ ಗೋಧಿ ಬಯಲು ಎಷ್ಟು ಸಪಾಟೆಂದರೆ, ಬೆಳಿಗ್ಗೆ ಕಾರು ಕೊಂಡು ಹೊರಟ ಗಿರಾಕಿ ಮಧ್ಯಾಹ್ನದ ಊಟದ ತನಕ ಕಣ್ಣಿಗೆ ಕಾಣುತ್ತಲೇ ಇರುತ್ತಾನೆ. ಮನಸ್ಸು ಬದಲಾಯಿಸಿ ತಿರುಗಿ ಬಂದರೆ ಬಾಗಿಲು ಹಾಕಿಕೊಳ್ಳಲು ಬೇಕಾದಷ್ಟು ಸಮಯ. ಆದರೆ ಮರ್ವ್ ಹಾಗೆ ಬಾಗಿಲು ಹಾಕಿಕೊಂಡವನಲ್ಲ. ಅವನ ಮಾತೇ ಅವನ ಗ್ಯಾರಂಟಿ. ಹುಡುಗನಾಗಿದ್ದಾಗ ಕ್ಯಾಡಿಯವರ ಶೋರೂಮಿನಲ್ಲಿ ಕಸ ಗುಡಿಸಲು ಸೇರಿದವನು ತಲೆ ಬೆಳ್ಳಗಾಗುವ ತನಕ ಅಲ್ಲೇ ಟೈ ಕಟ್ಟಿಕೊಂಡು ನಿಂತಿದ್ದ. ತಾನು ಮಾತ್ರ ಶೋರೂಮಿನ ಗಾಡಿಗಳಲ್ಲೇ ಓಡಾಡಿಕೊಂಡು, ಸ್ವಂತಕ್ಕೆ ಒಂದು ಕಾರನ್ನೂ ಕೊಂಡಿರಲಿಲ್ಲ.

ಆ ಸಂಜೆಯ ಜಂಬಕ್ಕೆ ಕಾರಣ ಶೋರೂಮಿಗೆ ಬಂದಿಳಿದಿದ್ದ ಒಂದು ಕಪ್ಪು ಕಾರು. ಐಷಾರಾಮಿ ಸೆಡಾನ್, ಒಳಗೆಲ್ಲ ಚರ್ಮದ ಹೊದಿಕೆ, ಚಳಿಗೆ ಕುಂಡೆ ಬೆಚ್ಚಗಿಡುವ ಸೀಟು. ಅದೇ ಕಾರು ಬರೀ ಪೆಟ್ರೋಲಿನದೂ ಸಿಗುತ್ತಿತ್ತು. ಇದು ಹೈಬ್ರಿಡ್. ಪೆಟ್ರೋಲಿನ ಜೊತೆಗೆ ಬ್ಯಾಟರಿ, ನಿಂತಾಗ ಇಂಜಿನ್ ತಾನೇ ಮಲಗುತ್ತದೆ, ಹೊರಡುವಾಗ ಬೆಕ್ಕು ಹೊರಟಂತೆ ಹೊರಡುತ್ತದೆ. ಆ ಬೆಕ್ಕಿನ ನಡಿಗೆಗೆ ಸಾವಿರಾರು ಡಾಲರ್ ಜಾಸ್ತಿ.

"ಸದ್ದು ಮಾಡದೆ ಇರೋದಕ್ಕೆ ಜಾಸ್ತಿ ದುಡ್ಡಾ?" ಎಂದು ನಕ್ಕವನು ಡಗ್ಗಿ ಪ್ರಿಚೆಟ್, ಗೋಧಿ ಬೆಳೆಗಾರ, ಮರ್ವ್‌ನ ಹಳೆಯ ಗೆಳೆಯ. "ನಮ್ಮತ್ತೆ ಸದ್ದು ಮಾಡದೆ ಇರ್ತೀನಿ ಅಂದ್ರೆ ನಾನೂ ಕೊಡ್ತಿದ್ದೆ ಬಿಡು. ಕಾರಿಗೆ ಯಾವನು ಕೊಡ್ತಾನೋ?"

"ಈ ಫುಟ್‌ಬಾಲ್ ಸೀಸನ್ ಮುಗಿಯೋದ್ರೊಳಗೆ ಇದೇ ಊರಿನೋನು ಒಬ್ಬ ಕೊಡ್ತಾನೆ. ಕೊಡಲಿಲ್ಲ ಅಂದ್ರೆ ಈ ಟೈ ಬಿಚ್ಚಿ ಆ ಮೊಳೆಗೆ ನೇತುಹಾಕಿ ಮನೆಗೆ ಹೋಗ್ತೀನಿ."

ಬಾರಿನ ಹುಡುಗಿ ಆಗಲೇ ಗೋಡೆಯ ಮೊಳೆ ಒರೆಸಿಟ್ಟಳು.

ಚಳಿಗಾಲವೆಲ್ಲ ಮರ್ವ್ ಆ ಕಾರನ್ನು ಊರ ತುಂಬ ಮೆರೆಸಿದ. ಎಲ್ಲರೂ ಹತ್ತಿದರು, ಸೀಟು ಸವರಿದರು, ಬೆಚ್ಚಗೆ ಕೂತರು, ಇಳಿದು ಹೋದರು. ಹಾಗಾಗಿ ವಿಲ್ಗಾ ಕ್ರೀಕ್ ಊರಿನ ತಂಡದೆದುರು ಸೆಮಿಫೈನಲ್ ನಡೆದ ದಿನ ಅವನು ಕೊನೆಯ ಪಟ್ಟು ಹಾಕಲು ಹೊರಟ. ಆ ದಿನ ಜಿಲ್ಲೆಗೆ ಜಿಲ್ಲೆಯೇ ಕರಿಂಗಾ ಮೈದಾನದ ಸುತ್ತ ಕಾರುಗಳ ಮೂತಿ ಬೇಲಿಗೆ ತಾಗಿಸಿ ಒಳಗೇ ಕೂತು ಆಟ ನೋಡುತ್ತದೆ. ತಮ್ಮವರು ಗೋಲು ಹೊಡೆದರೆ ಚಪ್ಪಾಳೆಯ ಬದಲು ಹಾರ್ನು. ಆ ಹಾರ್ನಿಗೆ ಮೂರು ಊರಿನಾಚೆಯ ಕುರಿಗಳು ಹಾಲು ಬತ್ತಿಸಿಕೊಳ್ಳುತ್ತವೆ ಎಂದು ಪ್ರತೀತಿ.

ಎಲ್ಲರ ಕಣ್ಣಿಗೂ ಬೀಳಲೆಂದು ಮರ್ವ್ ಕಾರನ್ನು ಗೋಲು ಕಂಬಗಳ ಹಿಂದಿನ ಗೇಟಿನಲ್ಲೇ ನಿಲ್ಲಿಸಿದ. ಅದು ಆಂಬುಲೆನ್ಸ್ ಒಳಬರುವ ಜಾಗ. ಗೇಟು ಕಳಚಿ ವರ್ಷಗಳಾಗಿದ್ದವು, ಅಡ್ಡ ಒಂದು ಹಳೆಯ ಹಗ್ಗ ಮಾತ್ರ.

"ಅಲ್ಲಿ ನಿಲ್ಲಿಸಬಾರ್ದು ಕಣೋ," ಎಂದ ಡಗ್ಗಿ.

"ಆಂಬುಲೆನ್ಸ್ ಬಂದ್ರೆ ಸದ್ದಿಲ್ಲದೆ ಜಾರಿಕೋತೀನಿ. ನೋಡಿಲ್ಲಿ!" ಎಂದು ಮರ್ವ್ ಕಾರನ್ನು ಗೇರಿಗೆ ಹಾಕಿ ಒಂದು ಗೇಣು ಮುಂದೆ ಬಿಟ್ಟು ಬ್ರೇಕು ತುಳಿದ. "ಕೇಳಿಸ್ತಾ?"

"ಇಲ್ಲ."

"ಅದಕ್ಕೇ ದುಡ್ಡು!"

ಬಂದುಹೋದವರಿಗೆಲ್ಲ ಇದೇ ಪ್ರದರ್ಶನ: ಒಂದು ಗೇಣು ಮುಂದೆ, "ಕೇಳಿಸ್ತಾ?", ಒಂದು ಗೇಣು ಹಿಂದೆ. ಆಟ ಕೊನೆಯ ಹಂತಕ್ಕೆ ಬಂದಾಗ ಕರಿಂಗಾ ಹಿಂದಿತ್ತು. ಅಷ್ಟರಲ್ಲಿ ಊರ ಹುಡುಗ ಜ್ಯಾರಡ್ ಒಂದು ಗೋಲು ಬಾರಿಸಿದ. ಹಾರ್ನುಗಳು ಆಕಾಶ ಹರಿದವು. ಮರ್ವ್ ಕುಣಿಯುತ್ತ ಕಾರಿನಿಂದ ಹೊರಬಿದ್ದು ಡಗ್ಗಿಯನ್ನು ತಬ್ಬಿಕೊಂಡ. ಗೇರಿನಲ್ಲೇ ಬಿಟ್ಟು ಇಳಿಯುತ್ತಿದ್ದೀಯೆಂದು ಕಾರು ಕುಯ್‌ಗುಟ್ಟಿ ಎಚ್ಚರಿಸಿತು, ಆದರೆ ಆ ಹಾರ್ನುಗಳ ನಡುವೆ ಅದರ ಕುಯ್‌ಗುಟ್ಟುವಿಕೆ ಯಾರಿಗೆ ಕೇಳಬೇಕು? ಮರ್ವ್ ಹುಟ್ಟಿದಾಗಿನಿಂದ ಇಂಜಿನ್ನನ್ನು ಕಿವಿಯಿಂದ ಅಳೆದವನು. ಸದ್ದಿಲ್ಲ ಎಂದರೆ ನಿಂತಿದೆ ಎಂದೇ ಅವನ ಲೆಕ್ಕ. ಬಾಗಿಲು ತಳ್ಳಿ, ಬಿಸಿ ಮಾಂಸದ ಪೈ ಮಾರುವ ಅಂಗಡಿಯ ಕಡೆ ನಡೆದ.

ಕಾರು ಮೆಲ್ಲಗೆ ಮುಂದೆ ಸರಿದು ಹಗ್ಗಕ್ಕೆ ಮೂತಿ ಒತ್ತಿ ನಿಂತಿತು. ಹಗ್ಗ ಬಿಗಿಯಿತು, ಒಂದೊಂದೇ ಎಳೆ ಬಿಚ್ಚಿಕೊಂಡಿತು.

ಈಗ ಕರಿಂಗಾ ನಾಲ್ಕೇ ಅಂಕ ಹಿಂದೆ. ಆ ಸೀಮೆಯ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲೂ ಹಿಡಿಯಬಹುದು. ಚೆಂಡು ಮತ್ತೆ ಜ್ಯಾರಡ್‌ನ ಕೈಗೆ ಸಿಕ್ಕ ಕ್ಷಣಕ್ಕೇ ಸೈರನ್ ಕೂಗಿತು. ಆಟ ಮುಗಿಯಿತು, ಆದರೆ ಕೈಗೆ ಸಿಕ್ಕ ಚೆಂಡನ್ನು ಒದೆಯುವ ಹಕ್ಕು ಅವನದು. ಎರಡು ಎತ್ತರದ ಕಂಬಗಳ ನಡುವೆ ಹೋದರೆ ಆರು ಅಂಕ, ಊರು ಫೈನಲ್ಲಿಗೆ. ಕಂಬಕ್ಕೆ ತಗುಲಿದರೆ ಒಂದೇ ಅಂಕ, ಊರು ಮನೆಗೆ. ಮೈದಾನ ಎಷ್ಟು ಮೌನವಾಯಿತೆಂದರೆ ಗೋಧಿ ಬೆಳೆಯುವ ಸದ್ದು ಕೇಳುತ್ತಿತ್ತು. ಕೇಳದಿದ್ದದ್ದು ಒಂದೇ, ಆ ಕಾರು. ಹಗ್ಗ ಹರಿದದ್ದೂ ಯಾರಿಗೂ ಕೇಳಲಿಲ್ಲ.

ಜ್ಯಾರಡ್ ಒದ್ದ. ಚೆಂಡು ನೇರ ಬಂತು. ಬಿಳಿ ಕೋಟಿನ ಗೋಲು ಅಂಪೈರ್ ಎರ್ನ್ ಆಕಾಶ ನೋಡುತ್ತ ಒಂದು ಹೆಜ್ಜೆ ಹಿಂದಿಟ್ಟ. ಮಂಡಿಯ ಹಿಂದೆ ಏನೋ ಬೆಚ್ಚಗೆ ತಾಗಿ, ಅರಸನಂತೆ ಬಾನೆಟ್ಟಿನ ಮೇಲೆ ಕೂತುಬಿಟ್ಟ. ಕಾರು ಅವನನ್ನು ಕೂರಿಸಿಕೊಂಡೇ ಹೋಗಿ ಗೋಲು ಕಂಬಕ್ಕೆ ಗುದ್ದಿತು. ಕಂಬ ವಿನಯದಿಂದ ಒಳಕ್ಕೆ ಬಾಗಿತು. ಚೆಂಡು ಅದಕ್ಕೆ ಠಣ್ ಎಂದು ತಗುಲಿತು.

ಎರ್ನ್ ಕರ್ತವ್ಯನಿಷ್ಠ. ಬಾನೆಟ್ಟಿನ ಮೇಲೆ ಕೂತಲ್ಲಿಂದಲೇ ಒಂದು ಬೆರಳು ಎತ್ತಿದ. ಒಂದು ಅಂಕ.

ಮರ್ವ್ ಎರಡೂ ಕೈಯಲ್ಲಿ ಪೈ ಹಿಡಿದು ತಿರುಗಿ ನಿಂತಿದ್ದ. ಟೊಮೆಟೊ ಸಾಸು ಟೈ ಮೇಲೆ ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಲೀಗಿನ ಹಿರಿಯರು ವಾರವೆಲ್ಲ ಕೂತು ನಿಯಮದ ಪುಸ್ತಕ ತಡಕಿದರು. ಗಾಳಿ, ನಾಯಿ, ಕುಡುಕ ಎಲ್ಲಕ್ಕೂ ಅದರಲ್ಲಿ ನಿಯಮವಿತ್ತು, ಐಷಾರಾಮಿ ಸೆಡಾನಿಗೆ ಮಾತ್ರ ಇರಲಿಲ್ಲ. ಎರ್ನ್‌ನ ಬೆರಳೇ ನಿಂತಿತು.

ಬೈದಿದ್ದರೆ ಮರ್ವ್ ಬದುಕಿಕೊಳ್ಳುತ್ತಿದ್ದ. ಯಾರೂ ಬೈಯಲಿಲ್ಲ. ಬೇಕರಿಯವಳು ಮಾತಿಲ್ಲದೆ ಬ್ರೆಡ್ಡು ಕೊಟ್ಟಳು. ಅಂಗಡಿಯಲ್ಲಿ ಬೆನ್ನ ಹಿಂದೆ ಯಾರೋ ತಳ್ಳುಗಾಡಿಯನ್ನು ಸದ್ದಿಲ್ಲದೆ ತಂದು ಹಿಮ್ಮಡಿಗೆ ತಾಗಿಸಿ, "ಕೇಳಿಸ್ತಾ?" ಎಂದರು. ಭಾನುವಾರ ಪಾದ್ರಿ, ಸದ್ದಿಲ್ಲದೆ ಬರುವ ವಿಪತ್ತುಗಳಿಂದ ನಮ್ಮನ್ನು ಕಾಪಾಡು ತಂದೆಯೇ ಎಂದು ಪ್ರಾರ್ಥಿಸಿದಾಗ ಇಡೀ ಚರ್ಚು ಕೆಮ್ಮಿತು. ಎಲ್ಲಕ್ಕಿಂತ ಕೆಟ್ಟದ್ದು ರಸ್ತೆ. ಆ ಸೀಮೆಯಲ್ಲಿ ಎದುರು ಬರುವ ಗಾಡಿಗೆಲ್ಲ ಸ್ಟೀರಿಂಗಿನಿಂದ ಒಂದು ಬೆರಳು ಎತ್ತುವುದು ರೂಢಿ, ಅದೇ ಅವರ ನಮಸ್ಕಾರ. ಮರ್ವ್ ಕೂಡ ಅದನ್ನು ಮಾಡುತ್ತಲೇ ಬೆಳೆದವನು. ಈಗ ಎದುರಿನಿಂದ ಬೆರಳು ಎದ್ದಾಗಲೆಲ್ಲ ಅವನಿಗೆ ಕಾಣುತ್ತಿದ್ದದ್ದು ಬಾನೆಟ್ಟಿನ ಮೇಲೆ ಕೂತ ಎರ್ನ್. ಬೆರಳು ಎತ್ತಲಾರದೆ, ತಲೆ ತಗ್ಗಿಸಿ, ಕೊನೆಗೆ ಗೋಧಿ ಹೊಲಗಳ ನಡುವಿನ ಧೂಳು ದಾರಿಯಲ್ಲಿ ಸುತ್ತಿಕೊಂಡು ಮನೆ ಸೇರುತ್ತಿದ್ದ.

ಒಮ್ಮೆ ಅದೇ ದಾರಿಯಲ್ಲಿ ಜ್ಯಾರಡ್ ಎದುರಾಗಿ ಗಾಡಿ ನಿಲ್ಲಿಸಿದ. "ಬಿಡಿ ಮರ್ವ್. ಗಾಳಿ ಇತ್ತಲ್ಲ, ಹೇಗೂ ತಪ್ತಿತ್ತೇನೋ," ಎಂದ.

ಅವತ್ತು ಒಂದೆಲೆಯೂ ಅಲುಗಾಡಿರಲಿಲ್ಲ. ಮರ್ವ್‌ಗೆ ಗೊತ್ತಿತ್ತು, ಹುಡುಗನಿಗೂ ಗೊತ್ತಿತ್ತು. ಆ ಸುಳ್ಳಿಗೆ ಮರ್ವ್‌ನ ಕಣ್ಣು ಮಂಜಾಗಿ, ಮುಂದೆ ಹೊರಟ ಅವನ ಗಾಡಿ ಹೊಲದ ಬದಿಗೆ ಇಳಿದು ನಿಂತಿತು.

ಕಂಬಕ್ಕೆ ಗುದ್ದಿ ತಗ್ಗಿದ ಗುಂಡಿಯನ್ನು ಮೂತಿಯಲ್ಲಿ ಹೊತ್ತ ಕಾರು ಶೋರೂಮಿನ ಮೂಲೆ ಸೇರಿತು. "ಸೋಮವಾರ ಮೆಲ್ಬರ್ನಿಗೆ ವಾಪಸ್ ಕಳಿಸ್ತೀನಿ ಮರ್ವ್," ಎಂದಳು ರೋಸ್ಲಿನ್ ಕ್ಯಾಡಿ, ಹಳೆಯ ಯಜಮಾನರ ಮಗಳು, ಈಗಿನ ಯಜಮಾನಿ. "ನೀವೇನೂ ಟೈ ಬಿಚ್ಚಬೇಕಿಲ್ಲ. ಬಾರಿನ ಮಾತು ಬಾರಿಗೆ."

"ಮಾತು ನನ್ನದಲ್ವೇನಮ್ಮ," ಎಂದ ಮರ್ವ್. ಟೈಯಲ್ಲಿ ಇನ್ನೂ ಸಾಸಿನ ಕಲೆ ಇತ್ತು.

ಶನಿವಾರ, ಸೀಸನ್ನಿನ ಕೊನೆಯ ದಿನ, ಬಾಗಿಲು ಹಾಕುವ ಹೊತ್ತಿಗೆ ಒಬ್ಬ ಗಿರಾಕಿ ಒಳಬಂದ: ವಿಲ್ಗಾ ಕ್ರೀಕ್ ಕ್ಲಬ್ಬಿನ ಅಧ್ಯಕ್ಷ, ಟೆರೆನ್ಸ್ ಗುಥ್ರಿ. ಅಂದೇ ಫೈನಲ್ಲನ್ನೂ ಗೆದ್ದ ಹೊಟ್ಟೆ, ಅವನಿಗಿಂತ ಮುಂಚೆಯೇ ಒಳಗೆ ಬಂದಿತ್ತು.

"ಈ ಕಾರು ನನಗೆ ಬೇಕು. ಹೈಬ್ರಿಡ್ಡಿಗೆ ಎಷ್ಟು ಜಾಸ್ತಿಯೋ ಅಷ್ಟೂ ಕೊಡ್ತೀನಿ. ಅದರ ಮೇಲೂ ಇನ್ನಷ್ಟು ಇಟ್ಕೊಳ್ಳಿ."

ರೋಸ್ಲಿನ್ ಕುರ್ಚಿಯಿಂದ ಎದ್ದಳು. ಮರ್ವ್ ಟೈ ಸರಿಮಾಡಿಕೊಂಡ. ಜೀವಮಾನವೆಲ್ಲ ಇಂಥ ಗಿರಾಕಿಯ ದಾರಿ ಕಾದಿದ್ದ.

"ಒಂದೇ ಷರತ್ತು," ಎಂದ ಗುಥ್ರಿ, ಗುಂಡಿಯನ್ನು ಮಗುವಿನ ಕೆನ್ನೆ ಸವರುವಂತೆ ಸವರುತ್ತ. "ಇದನ್ನ ರಿಪೇರಿ ಮಾಡ್ಬಾರ್ದು. ಪ್ರತಿ ವರ್ಷ ಸೀಸನ್ ಶುರುವಾಗೋ ದಿನ, ಗೆದ್ದ ಟ್ರೋಫೀನ ಇದರ ತಲೆ ಮೇಲಿಟ್ಟು ನಮ್ಮ ಮೈದಾನ ಒಂದು ಸುತ್ತು ಬರ್ತೀವಿ. ನೀನೂ ಬಾ ಮರ್ವ್, ನೀನೇ ಓಡಿಸು. ನಮ್ಮ ಕಡೆಯ ಅತ್ಯುತ್ತಮ ಆಟಗಾರ ನೀನೇ ಅಲ್ವಾ!"

ಜಾಸ್ತಿ ಕೊಡುವವನು ಸಿಕ್ಕಿದ್ದ. ಹೈಬ್ರಿಡ್ಡಿಗಲ್ಲ, ಮೌನಕ್ಕಲ್ಲ, ಬೆಚ್ಚನೆಯ ಸೀಟಿಗಂತೂ ಅಲ್ಲ. ಮರ್ವ್‌ನ ಮಾನಕ್ಕೆ ಬಿದ್ದ ಆ ಗುಂಡಿಗೆ. ಹೂಂ ಎಂದರೆ ಕಾರು ಮಾರಿದಂತಾಗುತ್ತದೆ, ಜೊತೆಗೆ ಊರನ್ನೂ, ಜ್ಯಾರಡ್‌ನ ಆ ಒದೆತವನ್ನೂ. ಮರ್ವ್ ಕಿವಿಯವರೆಗೂ ಕೆಂಪಾದ.

"ಮಾರಾಟ ಆಗಿಹೋಗಿದೆ," ಎಂದ.

"ಯಾರಿಗೆ?"

"ಈ ಊರಿನೋನಿಗೆ."

"ಜಾಸ್ತಿ ದುಡ್ಡು ಕೊಟ್ಟು?"

"ಅಷ್ಟೂ ಕೊಟ್ಟು."

ಗುಥ್ರಿ ನಂಬದೆ ರೋಸ್ಲಿನ್‌ಳ ಮುಖ ನೋಡಿದ. ಅವಳು ಮರ್ವ್‌ನ ಮುಖ ನೋಡಿದಳು. ಚಿಕ್ಕವಳಾಗಿದ್ದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶೋರೂಮು ತೋರಿಸಿದ ಮುಖ ಅದು. "ಹೌದು, ಆಗಿದೆ," ಎಂದಳು. "ಯಾರು ಅಂತ ಈಗ ತಾನೇ ಗೊತ್ತಾಯ್ತು."

ನಿವೃತ್ತಿಯ ಮೇಲೆ ದೇಶ ಸುತ್ತಲೆಂದು ಮರ್ವ್ ಮತ್ತು ಅವನ ಹೆಂಡತಿ ಬೆರಿಲ್ ಒಂದು ಕ್ಯಾರವಾನಿಗಾಗಿ, ಅಂದರೆ ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆಗಾಗಿ, ಕೂಡಿಟ್ಟ ದುಡ್ಡಿತ್ತು. ಅದು ಆ ಕಾರಿಗೆ ಹೋಯಿತು. ಮನೆಗೆ ಹೋಗಿ ಅವನು ಟೋಪಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಬೆರಿಲ್ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಅಂತೂ ನಿನ್ನ ಕೈಲಿ ಕಾರು ಕೊಳ್ಳದೆ ಊರಲ್ಲಿ ಉಳಿದಿದ್ದೋನು ಒಬ್ಬನೇ," ಎಂದಳು. "ಪಾಪ, ಅವನೂ ಸಿಕ್ಕಿಬಿದ್ದ."

"ಬೈಯಲ್ವಾ?"

"ಗಿರಾಕೀನ ಬೈಬಾರ್ದು ಅಂತ ನೀನೇ ಅಲ್ವಾ ಹೇಳ್ತಿದ್ದದ್ದು? ಕೈ ತೊಳ್ಕೊಂಡು ಬಾ. ಗುಂಡಿ ಮಾತ್ರ ನಾಳೇನೇ ರಿಪೇರಿ ಮಾಡಿಸು, ನಂಗೆ ನೋಡಕ್ಕಾಗಲ್ಲ."

ಮುಂದಿನ ಸೀಸನ್ನಿನ ಮೊದಲ ಶನಿವಾರ, ಕುರಿಗಳ ಉಣ್ಣೆಯೇ ಸೆಟೆದು ನಿಲ್ಲುವಂಥ ಚಳಿ. ಮರ್ವ್ ಸ್ವಂತ ಕಾರನ್ನು ಮೈದಾನದ ಕೊನೆಯ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ, ಒಂದು ಮರದ ಮರೆಗೆ ನಿಲ್ಲಿಸಿದ. ಆದರೂ ಕ್ಲಬ್ಬಿನವರು ಹುಡುಕಿಕೊಂಡು ಬಂದು, ಮುಂದಿನ ಚಕ್ರಗಳಿಗೆ ಎರಡು ಮರದ ದಿಮ್ಮಿ ಅಡ್ಡ ಇಟ್ಟು ಹೋದರು. ಮರ್ವ್ ಸ್ಟೀರಿಂಗ್ ನೋಡುತ್ತ ಕೂತ. ಗೇರು ತೆಗೆದಿದ್ದೇನೆಯೇ ಎಂದು ನೋಡಿದ. ಮತ್ತೊಮ್ಮೆ ನೋಡಿದ.

ಹಿಂದಿನ ಬಾಗಿಲು ತೆರೆದು ಡಗ್ಗಿ ತೂರಿಕೊಂಡ, ಕೈಯಲ್ಲಿ ಬಿಸಿ ಪೈ. "ನನ್ನ ಗಾಡಿ ಹೀಟರ್ ಕೆಟ್ಟಿದೆ, ಸ್ವಲ್ಪ ಹೊತ್ತು ಅಷ್ಟೇ," ಎಂದ. ಅವನ ಹಿಂದೆ ಎರ್ನ್‌ನ ಹೆಂಡತಿ, ಅವಳ ಹಿಂದೆ ಬೇಕರಿಯವಳು. ಮೊದಲ ವಿರಾಮ ಕಳೆಯಿತು, ಎರಡನೆಯದೂ ಕಳೆಯಿತು. ಸೀಟು ಬೆಚ್ಚಗಿತ್ತು. ಯಾರೂ ಇಳಿಯಲಿಲ್ಲ.

ಡಗ್ಗಿ ಬೆರಳಿನ ಸಾಸು ನೆಕ್ಕುತ್ತ ಬೇಕರಿಯವಳಿಗೆ ಕಣ್ಣು ಹೊಡೆದ. "ಅಲ್ಲ ಮರ್ವ್, ಮರ್ಯಾದೆ ಹೋಗಿದ್ದು ಹೋಯ್ತು. ಕೊನೆಗೆ ಈ ಸದ್ದಿಲ್ಲದಿರೋ ದರಿದ್ರಕ್ಕೆ ಎಷ್ಟು ಜಾಸ್ತಿ ಕೊಟ್ಯೋ? ಹೇಳು, ನಾವೂ ಸ್ವಲ್ಪ ನಗ್ತೀವಿ."

ಮರ್ವ್‌ನ ಕಿವಿ ಮತ್ತೆ ಕೆಂಪಾಯಿತು. ಅವನು ಹಿಂದಕ್ಕೆ ತಿರುಗಲಿಲ್ಲ, ಕನ್ನಡಿಯಲ್ಲೇ ಡಗ್ಗಿಯನ್ನು ನೋಡಿದ.

"ಹೇಳ್ತೀನಿ. ಮೊದಲು ಕೆಳಗಿಳಿ. ಹೋಗಿ ನಿನ್ನ ಗಾಡೀಲಿ ಕೂತ್ಕೋ, ಆಟ ಮುಗಿಯೋ ತನಕ. ಆಮೇಲೆ ಬಂದು, ಇದು ಎಷ್ಟಕ್ಕೆ ಬಾಳುತ್ತೆ ಅಂತ ನೀನೇ ನಂಗೆ ಹೇಳು."