ನಾಗರತ್ನಳ ಬಲಗಿವಿ

ಚಳ್ಳಕೆರೆಯ ಶೇಂಗಾ ಮಿಲ್ಲಿನಲ್ಲಿ ಬೀಜ ಹಸನು ಮಾಡುವ ನಾಗರತ್ನಳಿಗೆ ಸಂಗೀತದ ಹುಚ್ಚು ಎಂದರೆ ಅವಳ ಓಣಿಯವರು ಬಿದ್ದು ಬಿದ್ದು ನಕ್ಕಾರು. ಬ್ಯಾಂಡ್ ಸೆಟ್ ಬಂದರೆ ಬಾಗಿಲು ಹಾಕಿಕೊಳ್ಳುವವಳು, ಗಂಡನೇ ಡಿಜೆ ಬಾಕ್ಸ್ ಬಾಡಿಗೆಗೆ ಕೊಡುವವನಾದರೂ ಅದರ ಹತ್ತಿರ ಸುಳಿಯದವಳು, ಇವಳಿಗೆಂಥ ಸಂಗೀತ? ಆದರೂ ಹುಚ್ಚಿತ್ತು, ಒಂಟಿ ದನಿಯ ಹುಚ್ಚು. ಒಬ್ಬರೇ ಹಾಡಬೇಕು, ಇಲ್ಲವೇ ಒಂದೇ ವಾದ್ಯ ನುಡಿಯಬೇಕು, ಅದೂ ಅವಳ ಬಲಗಡೆ. ನಾಲ್ಕು ದನಿ ಕೂಡಿದವೋ, ಅವಳಿಗೆ ಬರೀ ಗದ್ದಲ. ಈ ರುಚಿಯನ್ನು ಹತ್ತಿಸಿದ್ದು ಯಾವ ಗುರುವೂ ಅಲ್ಲ, ಒಂದು ಕಪಾಳಮೋಕ್ಷ. ಅದನ್ನು ಮೊದಲು ಹೇಳಿಬಿಡಬೇಕು.

ತವರೂರು ನನ್ನಿವಾಳದಲ್ಲಿ ಅವಳಿನ್ನೂ ಲಂಗ ತೊಡುವ ಹುಡುಗಿ. ಓಣಿಯ ಹಿರಿಯನೊಬ್ಬ ತೀರಿಕೊಂಡಿದ್ದ. ಹೆಣದ ಮುಂದೆ ತಮಟೆ ಬಡಿಯುತ್ತಾ ಹೊರಟರೆ, ಹುಡುಗಿ ತಮಟೆಯ ಬೆನ್ನು ಹತ್ತಿ ಕುಣಿಯುತ್ತಾ ಸುಡುಗಾಡಿನವರೆಗೂ ನಡೆದೇಬಿಟ್ಟಳು. ಹೆಣ್ಣುಮಕ್ಕಳು ಕಾಲಿಡದ ಜಾಗ ಅದು. ನೆಂಟರೆದುರು ಮಾನ ಹೋಯಿತೆಂದು ಚಿಕ್ಕಪ್ಪ ಹೊನ್ನೂರಸ್ವಾಮಿ ಕೆಂಡವಾದ. “ಹೆಣದ ಮುಂದೆ ಕುಣೀತೀಯೇನೇ ಮುಂಡೇದೇ!” ಎಂದು ಬಲಗೈ ಬೀಸಿ ಎಡಗೆನ್ನೆಗೆ ಬಾರಿಸಿದ. ಬಿದ್ದವಳನ್ನು ಎತ್ತಿ ನಿಲ್ಲಿಸಿ ಅದೇ ಜಾಗಕ್ಕೆ ಇನ್ನೊಂದು ಬಾರಿಸಿದ. ಕಿವಿಯಿಂದ ನೆತ್ತರು ಇಳಿದು ಲಂಗದ ಮೇಲೆ ತೊಟ್ಟಿಕ್ಕಿತು. ಆಮೇಲೆ ತಿಂಗಳುಗಟ್ಟಲೆ ಕೀವು. ಅವ್ವ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟಳು. ಕೀವು ನಿಂತಿತು, ಜೊತೆಗೆ ಕೇಳುವುದೂ ನಿಂತಿತು.

“ಯಾರ ಮುಂದೂ ಬಾಯಿ ಬಿಡಬ್ಯಾಡ. ಕಿವುಡಿ ಅಂತ ಗೊತ್ತಾದ್ರೆ ಯಾವನೂ ಕಟ್ಕಳಲ್ಲ,” ಎಂದಳು ಅವ್ವ. ನೋಡಿ ನ್ಯಾಯ! ಹೊಡೆದವನಿಗೆ ಒಂದು ಮಾತಿಲ್ಲ, ಹೊಡೆಸಿಕೊಂಡವಳ ಬಾಯಿಗೆ ಬೀಗ. ನಾಗರತ್ನ ಬಾಯಿ ಬಿಡಲಿಲ್ಲ.

ಮದುವೆಗೆ ಮುಂಚೆ ಒಮ್ಮೆ ರಾಂಪುರದ ನೆಂಟರ ಮನೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಮೊಳಕಾಲ್ಮುರಿನಲ್ಲಿ ಒಬ್ಬ ಮುದುಕ ಹತ್ತಿ ಅವಳ ಬಲಕ್ಕೆ ಕುಳಿತ. ಹಣೆಗೆ ಸುತ್ತಿದ ಟವೆಲ್ಲು ನೆತ್ತರಲ್ಲಿ ತೊಯ್ದು ಕಪ್ಪಾಗಿತ್ತು. ಹೆಸರು ಮಾರಯ್ಯ, ಬಯಲಾಟಕ್ಕೆ ಮುಖವೀಣೆ ಊದುವವನು. ಆಟದ ನಡುವೆ ಎರಡು ಗುಂಪಿನವರು ಬಡಿಗೆ ಹಿಡಿದು ಬಡಿದಾಡಿದಾಗ ಇವನ ತಲೆಗೂ ಒಂದು ಬಿದ್ದಿತ್ತಂತೆ. ತಲೆ ಒಡೆದಿದೆಯೋ ಇಲ್ಲವೋ ಮುಟ್ಟಿ ನೋಡಿಕೊಳ್ಳದ ಆಸಾಮಿ, ಚೀಲದಿಂದ ಗೇಣುದ್ದದ ಮುಖವೀಣೆ ತೆಗೆದು, “ಇದು ಸೀಳೈತೋ ಏನೋ, ನೋಡಾನ,” ಎಂದು ಅಲ್ಲೇ ಊದತೊಡಗಿದ.

ಇಡೀ ಬಸ್ಸೇ ಉಗಿಯಿತು. ಒಬ್ಬ ದಾಂಡಿಗ ಎದ್ದು ಬಂದು ಮುದುಕನ ಅಂಗಿ ಹಿಡಿದು ಜಗ್ಗಿದ. “ಮುಚ್ಚಲೇ ಮುದಿಯಾ, ತಲೆ ಚಿಟ್ಟು ಹಿಡೀತೈತೆ!” ನಾಗರತ್ನ ಬಗ್ಗಿ ಆ ಕೈಯನ್ನು ಕಚ್ಚಿದಳು. ಸುಮ್ಮನೆ ಹೆದರಿಸಲು ಕಚ್ಚಿದ್ದಲ್ಲ, ಹಲ್ಲು ಇಳಿದು ನೆತ್ತರು ಬರುವಂತೆ ಕಚ್ಚಿದಳು. ಅವನು ಹೌಹಾರಿ ಹಿಂದೆ ಸರಿದ. “ನೀನು ಊದು ತಾತ,” ಎಂದಳು, ತುಟಿ ಒರೆಸಿಕೊಳ್ಳುತ್ತಾ. ಹುಬ್ಬಿನ ಮೇಲೆ ನೆತ್ತರು ಇಳಿಯುತ್ತಿದ್ದರೂ ಮುದುಕ ಚಳ್ಳಕೆರೆವರೆಗೂ ಊದಿದ. ಆ ದನಿ ನೇರ ಅವಳ ಎದೆಗೇ ಇಳಿಯಿತು. ಉಳಿದಿರುವ ಒಂದು ಕಿವಿ ಧಾರಾಳ ಸಾಕು ಎಂದು ಅವಳಿಗೆ ಆವತ್ತು ಅನ್ನಿಸಿತು.

ಮದುವೆಯಾದದ್ದು ಪಾಲಾಕ್ಷನನ್ನು. ಅವನು ಕುಡಿದಾಗ ಕುಡಿದದ್ದಕ್ಕೆ ಹೊಡೆಯುತ್ತಿದ್ದ, ಕುಡಿಯದಿದ್ದಾಗ ಕುಡಿಯಲು ಸಿಗಲಿಲ್ಲವೆಂದು ಹೊಡೆಯುತ್ತಿದ್ದ. ಬೆಲ್ಟಿನಲ್ಲಿ, ಚಪ್ಪಲಿಯಲ್ಲಿ, ಬಾಕ್ಸಿನ ಕೇಬಲ್ಲಿನಲ್ಲಿ. ಒಂದು ಸಲ ದವಡೆಯ ಎರಡು ಹಲ್ಲು ಅನ್ನದ ತಟ್ಟೆಯಲ್ಲೇ ಉದುರಿದವು. ಆದರೆ ಅವನು ಬಲಗೈಯವನು. ಎದುರು ನಿಂತವಳಿಗೆ ಏಟು ಬೀಳುವುದು ಎಡಗೆನ್ನೆಗೆ. ಅವನ ಕೈ ಮೇಲೆದ್ದ ಕೂಡಲೇ ನಾಗರತ್ನ ಬಲಗಿವಿಯನ್ನು ಹೆಗಲಿಗೆ ಒತ್ತಿಕೊಂಡು ಎಡಗೆನ್ನೆ ಕೊಟ್ಟು ನಿಲ್ಲುತ್ತಿದ್ದಳು. ಸತ್ತ ಕಿವಿಯ ಮೇಲೆ ಎಷ್ಟು ಬಿದ್ದರೇನು ಎಂಬುದು ಅವಳ ಲೆಕ್ಕ. ಕೇಳಿದರೆ ನಮ್ಮ ಹೊಟ್ಟೆ ಉರಿಯುತ್ತದೆ, ಅವಳು ಮಾತ್ರ ಹಾಗೆಯೇ ಸಂಸಾರ ಮಾಡಿದಳು.

ಮಿಲ್ಲಿನಲ್ಲಿ ಸಿಕ್ಕವಳು ಖಾತೂನ್ ಬೀ. ಮೊದಲ ದಿನ ನಾಗರತ್ನಳ ಎಡಕ್ಕೆ ಕುಳಿತು ಏನೇನೋ ಕೇಳಿದಳು, ಉತ್ತರ ಬರಲಿಲ್ಲ. ಮುಖ ನೋಡಿದಳು, ಎದ್ದು ಸುತ್ತಿ ಬಂದು ಬಲಕ್ಕೆ ಕುಳಿತಳು. “ಆ ಕಡೆ ಕೇಳಲ್ಲ ಅಲ್ವೇನಮ್ಮಾ ನಿಂಗೆ?” ಅಷ್ಟೇ. ಮತ್ತೆ ಎಂದೂ ಎಡಕ್ಕೆ ಕೂರಲಿಲ್ಲ. ತನ್ನ ಅಜ್ಜಿ ಬೀಸುಕಲ್ಲಿನ ಮುಂದೆ ಹೇಳುತ್ತಿದ್ದ ಉರ್ದು ಹಾಡುಗಳನ್ನು ಬೀಜ ಆರಿಸುತ್ತಾ ಹಾಡುತ್ತಿದ್ದಳು. ನಾಗರತ್ನಳಿಗೆ ಒಂದು ಮಾತೂ ತಿಳಿಯದು, ಕಣ್ಣು ಮಾತ್ರ ತುಂಬಿ ಬರುತ್ತಿತ್ತು.

ಊದಿದ ಕೆನ್ನೆ ಕಂಡಾಗಲೆಲ್ಲ ಖಾತೂನ್ ಬೀ ಬಾಯ್ತುಂಬ ಶಾಪ ಹಾಕುವಳು. “ಅವನ ಕೈ ಮುರಿದು ಬೀಳ್ಲಿ!”

“ಎಡಗಡೆ ಹೊಡಕಂಡ್ರೆ ಹೊಡಕಳ್ಳಿ ಬಿಡಕ್ಕ. ಬಲಗಡೇದು ಹೋದ್ರೆ ಮಾತ್ರ ನಾನು ಬದುಕಲ್ಲ. ನಿನ್ ದನೀನೂ ಇರಲ್ಲ, ಏನೂ ಇರಲ್ಲ,” ಎನ್ನುವಳು ನಾಗರತ್ನ.

ಈ ವರ್ಷ ಗಣಪತಿ ಬಿಡುವ ದಿನ ಶಾಪ ಹತ್ತಿತು. ಮೆರವಣಿಗೆಯಲ್ಲಿ ಯಾವ ಹಾಡು ಹಾಕಬೇಕೆಂದು ಎರಡು ಗುಂಪಿಗೆ ಜಟಾಪಟಿಯಾಗಿ, ಕಬ್ಬಿಣದ ಪೈಪು ಹಿಡಿದು ಬಡಿದಾಡಿದರು. ಒಬ್ಬನ ಬುರುಡೆ ಸೀಳಿತು, ಬಾಕ್ಸುಗಳು ಪುಡಿಯಾದವು, ಪಾಲಾಕ್ಷನ ಬಲಗೈ ಎರಡು ಕಡೆ ಮುರಿಯಿತು. ಭುಜದಿಂದ ಬೆರಳವರೆಗೂ ಪಟ್ಟಿ. ಗೆಳತಿಯರಿಬ್ಬರೂ ಮಿಲ್ಲಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಅದೇ ವಾರದ ಭಾನುವಾರ ಮಧ್ಯಾಹ್ನ ನಾಗರತ್ನ ಮುದ್ದೆ ತಿರುವುತ್ತಿದ್ದಳು. ಬಾಕ್ಸು ಹೋದ ಉರಿಯಲ್ಲಿ ಪಾಲಾಕ್ಷ ಒಳಗೆ ಬಂದ. “ಇನ್ನೂ ಆಗಿಲ್ವೇನೇ ನಿನ್ ಮುದ್ದೆ?”

“ಆಗ್ತೈತೆ, ಕುಂತ್ಕಳ್ರಿ.”

ಅಷ್ಟಕ್ಕೇ ಕೈ ಎದ್ದಿತು. ನಾಗರತ್ನ ಅಭ್ಯಾಸಬಲದಿಂದ ಎಡಗೆನ್ನೆ ಕೊಟ್ಟಳು, ಬಲಗಿವಿ ಇನ್ನೂ ಹೆಗಲಿಗೆ ತಾಗಿರಲಿಲ್ಲ. ಎದ್ದದ್ದು ಎಡಗೈ! ಅದು ರಪ್ಪನೆ ಬಲಗಿವಿಯ ಮೇಲೆ ಬಿತ್ತು.

ಕುಂಯ್ ಎಂಬ ಒಂದು ಸದ್ದು, ಆಮೇಲೆ ಅದೂ ಇಲ್ಲ. ಪಾತ್ರೆಯ ಕುದಿತ ಇಲ್ಲ, ಬೀದಿ ಇಲ್ಲ. ಎದುರಿಗೆ ಗಂಡನ ಬಾಯಿ ಆಡುತ್ತಿತ್ತು, ಮಾತಿರಲಿಲ್ಲ. ಜೀವಮಾನದಲ್ಲಿ ಅವಳು ಅಷ್ಟು ಹೆದರಿದ್ದಿಲ್ಲ. ಗೋಡೆ ಹಿಡಿದು ನಿಂತಳು. ದೂರದಿಂದ ಬಂದ ಹಾಗೆ, ಸಣ್ಣಗೆ, ಕುದಿಯುವ ಸದ್ದು ತಿರುಗಿ ಬಂತು. ಬಂತು, ದೇವರೇ, ಬಂತು! ಅಷ್ಟರಲ್ಲಿ ಎಡಗೈ ಮತ್ತೆ ಎದ್ದಿತು.

ಬಿಸಿ ಹಿಟ್ಟು ಮೆತ್ತಿದ್ದ ಕೋಲನ್ನು ಪಾತ್ರೆಯಿಂದ ಎಳೆದು ಅವನ ಮಣಿಕಟ್ಟಿಗೆ ಬೀಸಿದಳು. ಎಲುಬು ಲಟಕ್ಕೆಂದಿತು. ಅವನು ಊಳಿಟ್ಟು ಕುಸಿದ. ಹೆಗಲಿಗೆ ಹೊಡೆದಳು, ತೊಡೆಗೆ ಹೊಡೆದಳು, ಪಟ್ಟಿಯ ಕೈಗೂ ಹೊಡೆದಳು. ಸುಡುವ ಹಿಟ್ಟು ಅವನ ಕುತ್ತಿಗೆಗೆ ಅಂಟಿ ಚರ್ಮ ಎದ್ದಿತು.

“ಹಲ್ಲು ಉದುರಿಸ್ದೆ, ತಡ್ಕಂಡೆ. ಬೆನ್ನು ಸುಲಿದೆ, ತಡ್ಕಂಡೆ. ಈ ಕಿವಿ ಮುಟ್ಟಿದ್ರೆ ಮಾತ್ರ ನಿನ್ ಹೆಣ ಬೀಳ್ತೈತೆ ಕಣೋ! ನಂಗಿರಾದು ಇದೊಂದೇ ಕಿವಿ!”

ಪಾಲಾಕ್ಷ ಮೂಲೆಗೆ ಸರಿದು, ಮುರಿದ ಕೈಗಳೆರಡನ್ನೂ ಎದೆಗೆ ಅವಚಿಕೊಂಡು, ಕಣ್ಣು ಕಣ್ಣು ಬಿಟ್ಟ.

“ಒಂದೇನಾ? ಇನ್ನೊಂದಕ್ಕೆ ಏನಾಗೈತೆ?”

ಅಣಕಿಸುತ್ತಿದ್ದಾನೆಯೇ ಎಂದು ಅವಳು ಅವನ ಮುಖವನ್ನೇ ನೋಡಿದಳು. ಇಲ್ಲ. ಇಷ್ಟು ವರ್ಷ ಆ ಕೆನ್ನೆಗೆ ಹೊಡೆದವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಏಟಿಗೆ ಬಾರದ ಅಳು ಅವಳಿಗೆ ಆಗ ಒತ್ತರಿಸಿ ಬಂತು. ಅಳುತ್ತಲೇ ಕೋಲನ್ನು ಮತ್ತೆ ಎತ್ತಿದಳು.