ಚುಕ್ಕೆ ಗುರುತಿನ ಪ್ರಶ್ನೆ

ಹಳೆಯ ಟ್ರಂಕಿನ ಮುಚ್ಚಳ ತೆರೆದರೆ ಕಾರ್ಬನ್ ಕಾಗದದ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. “ಏನದರೀ ಇದರಾಗ, ಬರೀ ರದ್ದಿ,” ಎನ್ನುತ್ತ ನಮ್ಮಾಕೆ ಒಂದೊಂದೇ ಹಾಳೆ ಎತ್ತಿಡತೊಡಗಿದಳು. ನಾನು ಮುಚ್ಚಳ ಹಾಕಲು ಕೈ ಚಾಚಿದೆ. ಯಾಕೆಂದು ಹೇಳುತ್ತೇನೆ, ಅವಸರ ಮಾಡಬೇಡಿ.

ಎಂಬತ್ತರ ದಶಕದ ಮಾತು. ನಾನು ಕಲಬುರಗಿಯಲ್ಲಿ ಕನ್ನಡ ಮಾಸ್ತರ. ಆಕೆ ದಿನಾ ಬಸ್ಸು ಹಿಡಿದು ಕಮಲಾಪುರದ ಕನ್ಯಾಶಾಲೆಗೆ ಹೋಗುವ ಟೀಚರು. ಅಲ್ಲಿಯ ಏಳನೆಯ ತರಗತಿಗೆ ನಾಲ್ಕು ಗೋಡೆಗಳಿದ್ದವು, ಚಾವಣಿ, ನಮ್ಮ ಕಡೆಯ ಮಾತಿನಲ್ಲಿ ಛತ್ತು, ಇರಲಿಲ್ಲ. ನಮ್ಮ ಶಾಸಕರು ಆಗ ವಿರೋಧ ಪಕ್ಷದವರು. ಸಿಟ್ಟು ಬಹಳ, ವ್ಯಾಕರಣ ಕಡಿಮೆ. ಸದನದಲ್ಲಿ ಅವರು ಕೇಳುವ ಚುಕ್ಕೆ ಗುರುತಿನ ಪ್ರಶ್ನೆಗಳನ್ನೆಲ್ಲ, ಅಂದರೆ ಸಚಿವರು ಎದ್ದು ನಿಂತು ಉತ್ತರಿಸಬೇಕಾದವನ್ನು, ನಾನೇ ಬರೆದುಕೊಡುತ್ತಿದ್ದೆ. ‘ಬಿಸಿಲಲ್ಲಿ ಬೇಯುತ್ತಿರುವ ಬಾಲೆಯರ ನೆತ್ತಿಯ ಮೇಲೊಂದು ಚಾವಣಿ ಯಾವಾಗ?’ ಎಂದು ಬರೆದಾಗ ನನ್ನ ಕಣ್ಣೇ ಒದ್ದೆಯಾಗಿತ್ತು. ಸಚಿವರು ‘ಪರಿಶೀಲನೆಯಲ್ಲಿದೆ’ ಎಂದು ಹೇಳಿ ಕೂತರಂತೆ. ಜಗತ್ ಸರ್ಕಲ್ಲಿನ ಚಹಾದಂಗಡಿಯಲ್ಲಿ ವಾರವಿಡೀ ಅವರನ್ನು ಬೈದೆ.

ಅವಧಿ ಅರ್ಧ ಮುಗಿಯುವ ಮೊದಲೇ ಕೆಲವರು ಆ ಕಡೆಯಿಂದ ಈ ಕಡೆಗೆ ಜಿಗಿದರು. ಒಂದು ಸರಕಾರ ಬಿತ್ತು, ಇನ್ನೊಂದು ಎದ್ದಿತು. ಸಭಾಧ್ಯಕ್ಷರ ಎಡಕ್ಕೆ ಕೂತವರು ಬಲಕ್ಕೆ, ಬಲದವರು ಎಡಕ್ಕೆ. ಸಮಿತಿಗಳಿಗೆ ಹೊಸ ಅಧ್ಯಕ್ಷರು, ಕೋಣೆಗಳಿಗೆ ಹೊಸ ನಾಮಫಲಕ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ! ನಮ್ಮ ಶಾಸಕರು ಸಚಿವರಾದರು, ಅದೂ ಶಾಲೆಗಳ ಖಾತೆಗೆ. ಮನೆಯಲ್ಲಿ ಹೋಳಿಗೆ.

“ಇನ್ನ ಛತ್ತು ಆತಂತ ತಿಳೀರಿ,” ಎಂದಳು ನಮ್ಮಾಕೆ. “ನಮ್ಮ ಮಹಾದೇವಿ, ಕ್ಲಾಸಿಗೇ ಶಾಣ್ಯಾಕಿ, ಅಕಿನ್ನ ಅವರಪ್ಪ ಸಾಲಿ ಬಿಡಿಸ್ಯಾನ. ಛತ್ತು ಹಾಕಿದ ದಿನಾನೇ ಕಳಸ್ತೀನಿ ಅಂದಾನ.”

ಐವಾನ್-ಎ-ಶಾಹಿಯ ಸರಕಾರಿ ಅತಿಥಿಗೃಹದಿಂದ ನನಗೆ ಕರೆ ಬಂತು. ಮೊದಲು ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದ ನಮ್ಮ ಸಚಿವ ಸಾಹೇಬರು ಈಗ ಒಳಗಿನ ಸೋಫಾದಲ್ಲಿದ್ದರು. ಹಳೆಯ ಸಚಿವರು ವಿರೋಧ ಪಕ್ಷಕ್ಕೆ ಬಂದದ್ದೇ ತಡ, ನಾನು ಬರೆದ ಪ್ರಶ್ನೆಯನ್ನೇ ಬಾಲೆಯರ ಸಮೇತ ಎತ್ತಿ ಕೇಳಿದ್ದರು.

“ಮಾಸ್ತರ್ರೇ, ಯಾವನೋ ಭಾಳ ಖತರ್ನಾಕ್ ಪ್ರಶ್ನೆ ಬರದಾನ. ಜವಾಬು ಬರೀರಿ.”

“ನಾನೇ ಬರದಿದ್ದು ಸಾಹೇಬ್ರ. ಛತ್ತು ಹಾಕಸ್ರಿ, ಜವಾಬೇ ಬ್ಯಾಡ.”

“ಹಾಕಸೋಣಂತ್ರೀ, ಎಲ್ಲಿ ಹೋಗ್ತದ? ಸೋಮವಾರಕ್ಕ ಜವಾಬು ಬೇಕು.”

ಸೋಫಾ ಮೆತ್ತಗಿತ್ತು. ಅದರ ಮೇಲೆ ನನ್ನನ್ನೂ ಕೂರಿಸಿಕೊಂಡಿದ್ದರು. ‘ಪರಿಶೀಲನೆಯಲ್ಲಿದೆ’ ಎಂದು ಬರೆದೆ. ನಾಚಿಕೆಯಾಗಿ ಅದರ ಹಿಂದೆ ‘ಸಕ್ರಿಯ’ ಎಂದು ಸೇರಿಸಿದೆ.

ಅದನ್ನು ಪೇಪರಿನಲ್ಲಿ ಓದಿದ ನಮ್ಮಾಕೆ ಕಣ್ಣೊರೆಸಿಕೊಂಡು, “ಇದನ್ನ ಬರದ ಕೈ ಮುರದು ಬೀಳ್ಲಿ,” ಎಂದಳು. ನಾನು ಚಹಾದ ಕಪ್ಪನ್ನು ಎಡಗೈಗೆ ಬದಲಿಸಿಕೊಂಡೆ.

ಸರಕಾರ ಇನ್ನೊಮ್ಮೆ ಬದಲಾದ ಮೇಲೆ ಚಾವಣಿ ಬಂತು. ಉದ್ಘಾಟನೆಗೆ ಮಹಾದೇವಿಯೂ ಬಂದಿದ್ದಳು, ಟೊಂಕದ ಮೇಲೆ ಕೂಸು. ಮೇಲೆ ನೋಡಿ, “ಚಲೋ ಆಗ್ಯಾದ್ರಿ ಟೀಚರ್,” ಎಂದಳಂತೆ. ಪ್ರಶ್ನೆ ಬರೆದವನು ನಾನೆಂದು ಊರೆಲ್ಲ ಹೇಳಿಕೊಂಡೆ. ಉತ್ತರದ ಸುದ್ದಿ ಎತ್ತಲಿಲ್ಲ.

ಆದರೆ ಬರೆದದ್ದನ್ನು ಬಿಸಾಡಲಾರದ ದರಿದ್ರ ಚಟ ನನ್ನದು. ಆ ಉತ್ತರದ ಕಾರ್ಬನ್ ಪ್ರತಿಯನ್ನೇ ಆಕೆ ಈಗ ಕಿಟಕಿಯ ಬೆಳಕಿಗೆ ಹಿಡಿದಿದ್ದಳು.

“ನಿಮ್ಮ ಅಕ್ಷರ ಅಲ್ರೀ ಇದು?”

“ಹೌದು.”

ಹಾಳೆಯಿಂದ ಕಣ್ಣೆತ್ತಿ ನನ್ನ ಬಲಗೈ ನೋಡಿದಳು. “ಈ ಕೈಗೇ ಏನ್ರೀ ನಾ ಇಷ್ಟು ವರ್ಷ ಉಣ್ಣಾಕ ಬಡಿಸಿದ್ದು?”

ಮಧ್ಯಾಹ್ನ ನಾನೇ ಬಡಿಸಿಕೊಂಡು ಉಂಡೆ.