ತೋಪು ಕಡಿದವರ ಮನೆಗೆ ಕಲಗಚ್ಚು

ಈ ಊರಿಗೆ ಬಂದ ಮರುದಿನ ಬೆಳಿಗ್ಗೆ, ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ನಮ್ಮ ಹಿತ್ತಲಿಗೆ ನುಗ್ಗಿ, ಅಕ್ಕಿ ತೊಳೆದ ನೀರಿನ ಪಾತ್ರೆಯನ್ನು ನನ್ನ ಕೈಯಿಂದ ಕಸಿದುಕೊಂಡಳು.

“ಅಯ್ಯೋ, ಕಲಗಚ್ಚು ಯಾರಾದ್ರೂ ಚೆಲ್ತಾರಾ? ಮಕ್ಕಳಿರೋ ಮನೆ! ಕೊಡಿ ಇಲ್ಲಿ.”

ಅವಳು ಪಕ್ಕದ ಮನೆಯ ಪಿಳ್ಳಮ್ಮ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಗಂಜಿ, ಇವೆಲ್ಲ ಸೇರಿದರೆ ಕಲಗಚ್ಚು. ಅದು ಹಸುವಿನ ಪಾಲು. ಅಂದಿನಿಂದ ಅವಳ ಹಸುವಿಗೆಂದು ದಿನವೂ ಅವಳ ಬಕೆಟ್ಟು ನಮ್ಮ ಹಿತ್ತಲ ಗೋಡೆ ಏರುತ್ತಿತ್ತು. ನಮ್ಮ ಹುಬ್ಬಳ್ಳಿಯ ಓಣಿಯಲ್ಲಿ ಅಡುಗೆಮನೆಯಿಂದ ಹೊರಬಿದ್ದದ್ದೆಲ್ಲ ಗಟಾರಕ್ಕೆ. ಆ ಗಟಾರ ಎಲ್ಲಿಗೆ ಹೋಗುತ್ತದೆಂದು ನಾನಂತೂ ಯಾವತ್ತೂ ಕೇಳಿರಲಿಲ್ಲ.

ಯಜಮಾನರಿಗೆ ಸರ್ಕಾರಿ ಹೈಸ್ಕೂಲಿಗೆ ವರ್ಗವಾಗಿ ನಾವು ಬಂದದ್ದು ದೊಡ್ಡಬಳ್ಳಾಪುರದಿಂದ ಮಧುರೆ ಹೋಬಳಿಗೆ ಹೋಗುವ ದಾರಿಯಲ್ಲಿ, ಒಂದಿಷ್ಟು ಒಳಗಿರುವ ಹಳ್ಳಿಗೆ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟಾಗಿದೆ. ನನ್ನ ‘ಹೌದ್ರೀ’ ಕೇಳಿ ಇಲ್ಲಿಯವರು ನಗುವುದು ಮಾತ್ರ ನಿಂತಿಲ್ಲ. ರೊಟ್ಟಿಗೆ ಒಳ್ಳೆಯ ಜೋಳ ಸಿಗುವುದಿಲ್ಲ, ಮುದ್ದೆ ನುಂಗುವುದಕ್ಕೆ ಗಂಟಲು ಒಪ್ಪುವುದಿಲ್ಲ. ಮೊದಮೊದಲು ಒಲೆಯ ಮುಂದೆ ಕೂತು ಅತ್ತಿದ್ದೇನೆ. ಕಣ್ಣೀರಿಗೆ ಹೊಗೆಯೇ ಕಾರಣವೆಂದು ಮಕ್ಕಳಿಗೆ ಹೇಳುತ್ತಿದ್ದೆ.

ಮಕ್ಕಳು ಬೇಗ ಒಗ್ಗಿಕೊಂಡರು. ಅವರನ್ನು ಸಾಕಿದವಳು ನಾನು, ತಿದ್ದಿದವಳು ಪಿಳ್ಳಮ್ಮ. ಪಾತ್ರೆ ಉಜ್ಜುವುದಕ್ಕೆ ಬೂದಿ, ಮೈ ತೊಳೆದ ನೀರು ಬಾಳೆ ಬುಡಕ್ಕೆ, ಸಗಣಿ ತಿಪ್ಪೆಗೆ. ಒಮ್ಮೆ ನನ್ನ ಮಗಳು ಸುಮಾ ಹಲ್ಲುಜ್ಜಲೆಂದು ಹೊಂಗೆಯ ಕೊಂಬೆಯನ್ನೇ ಮುರಿದು ತಂದಾಗ ಪಿಳ್ಳಮ್ಮ ಸುಮ್ಮನಿರಲಿಲ್ಲ. “ಗೇಣುದ್ದ ಕಡ್ಡಿ ಸಾಕು ಕಣೇ! ನಿನ್ನ ಬಾಯಲ್ಲಿ ಅದೆಷ್ಟು ಹಲ್ಲವೆ?”

ಆ ಕೊಂಬೆ ಊರಾಚೆಯ ಹೊಂಗೆ ತೋಪಿನದು. ಹುಬ್ಬಳ್ಳಿಯಲ್ಲಿ ನಾನು ಅಂಥ ನೆರಳು ಕಂಡಿರಲಿಲ್ಲ. ಸೊಪ್ಪು ಗದ್ದೆಗೆ, ಬೀಜ ಎಣ್ಣೆಗೆ, ಅಡಿಯ ಹುಲ್ಲು ಊರ ದನಗಳಿಗೆ. ಸುಮಾ ಮತ್ತು ಅವಳ ತಮ್ಮ ಬೇಸಿಗೆಯೆಲ್ಲ ಅಲ್ಲೇ ಬೀಜ ಆರಿಸುತ್ತಿದ್ದರು.

ಈ ಮಳೆಗಾಲದಲ್ಲಿ ಆ ತೋಪು ಕಡಿದರು. ಕಡಿದ ಜಾಗದಲ್ಲಿ ಶಾಲೆಯ ಮಕ್ಕಳ ಕೈಯಿಂದ ನೀಲಗಿರಿ ಸಸಿ ನೆಡಿಸುವ ಸಮಾರಂಭ! ಮರಗಳೇ ನಮ್ಮ ಮಿತ್ರರು ಎಂದು ಭಾಷಣ ಬೇರೆ. ಹಸಿ ಬೊಡ್ಡೆಗಳ ಮೇಲೆ ಕೂತು ಚಪ್ಪಾಳೆ ತಟ್ಟಿದವರನ್ನು ನಾನೇ ಕಣ್ಣಾರೆ ನೋಡಿದೆ. ನನಗೆ ಮೈಯೆಲ್ಲ ಉರಿಯಿತು.

“ಮರ ಕಡಿದು ಮರ ನೆಡೋದು ಯಾಕೆ ಸಾರ್?” ಎಂದು ಸುಮಾ ಕೇಳಿದಳು. ಸಸಿಯನ್ನು ಕೆಳಗಿಟ್ಟು ಕೈಕಟ್ಟಿ ನಿಂತಳು. ಹೆಡ್‌ಮಾಸ್ಟರು ಅವಳನ್ನು ಅಲ್ಲಿಯೇ, ಮೊನ್ನೆಯವರೆಗೆ ನೆರಳಿದ್ದ ಜಾಗದಲ್ಲಿಯೇ, ಬಿಸಿಲಿಗೆ ನಿಲ್ಲಿಸಿದರು. ಅವಳಪ್ಪ ತಲೆ ತಗ್ಗಿಸಿಕೊಂಡು ಗುಂಡಿಗೆ ಮಣ್ಣು ಎಳೆಯುತ್ತಿದ್ದರು. ಮನೆಗೆ ಬಂದ ಮೇಲೆ, “ಮೇಲಿನವರ ಆದೇಶ, ನಾನೇನು ಮಾಡಲಿ?” ಎಂದರು. ಆ ರಾತ್ರಿ ನಾನು ಅವರಿಗೆ ಬಡಿಸಲಿಲ್ಲ.

ತೋಪನ್ನು ಅರಣ್ಯ ಇಲಾಖೆಗೆ ಕೊಡಲು ಒಪ್ಪಿದ ಪಂಚಾಯ್ತಿ ಮೆಂಬರುಗಳಲ್ಲಿ ಪಿಳ್ಳಮ್ಮನ ಗಂಡನೂ ಒಬ್ಬ. ಬೆಳಗಾಗುತ್ತಲೇ ಅವಳ ಬಾಗಿಲಿಗೆ ಹೋದೆ. ಸಿಟ್ಟಿನಲ್ಲಿ ನನ್ನ ಊರಿನ ಮಾತೇ ಬಾಯಿಗೆ ಬಂತು.

“ಒಂದು ಕೊಂಬಿ ಮುರದದ್ದಕ್ಕ ನನ್ನ ಮಗಳಿಗೆ ಬೈದ್ರಿ. ಈಗ ತೋಪಿಗೆ ತೋಪೇ ಹೋತು. ನಿಮ್ಮ ಯಜಮಾನರಿಗೆ ಒಂದು ಮಾತು ಹೇಳ್ಲಿಕ್ಕೆ ಆಗಲಿಲ್ಲೇನ್ರೀ?”

“ಹೇಳಿದ್ರೆ ಕೇಳೋರ್ಯಾರು? ನೀಲಗಿರಿಗೆ ಬೇಲಿ ಬೇಡ, ದನ ಮುಟ್ಟಲ್ಲ, ಬಿರ್‍ರನೆ ಬೆಳೀತದೆ ಅಂತಾರೆ,” ಎಂದಳು. ಆಮೇಲೆ ಅವಳ ದನಿಯೂ ಏರಿತು. “ತೋಪು ನಮ್ದು ಕಣವ್ವ. ಇಟ್ಕೋತೀವೋ ಕಡೀತೀವೋ, ನಿಂಗ್ಯಾಕೆ? ನಾಳೆ ವರ್ಗ ಬಂದ್ರೆ ಗಂಟು ಕಟ್ಕೊಂಡು ಹೋಗೋರು ನೀವು!”

ಅವಳು ಹೇಳಿದ್ದು ನಿಜ. ಅದಕ್ಕೇ ನನ್ನ ಸಿಟ್ಟು ನೆತ್ತಿಗೇರಿತು. ಅವಳು ಹೇಳಿಕೊಟ್ಟದ್ದನ್ನೆಲ್ಲ ನನ್ನ ಮಕ್ಕಳು ನಂಬಿದ್ದರು, ಹೇಳಿಕೊಟ್ಟವಳೇ ನಂಬಿರಲಿಲ್ಲ. ಆ ಮಕ್ಕಳಿಗೆ ಇನ್ನು ನಾನು ಏನು ಹೇಳಿ ಬೆಳೆಸಲಿ?

ದಸರಾ ರಜೆಗೆ ಹುಬ್ಬಳ್ಳಿಗೆ ಹೋದೆವು. ನನ್ನ ತಾಯಿ ಗಟಾರಕ್ಕೆ ಅಕ್ಕಿ ನೀರು ಚೆಲ್ಲಹೊರಟರೆ ಸುಮಾ ಓಡಿಹೋಗಿ ಅವರ ಕೈ ಹಿಡಿದಳು. “ಚೆಲ್ಬೇಡ ಅಜ್ಜಿ, ನಮ್ಮೂರಲ್ಲಿ ಯಾರೂ ಹಿಂಗೆ ಚೆಲ್ಲಲ್ಲ.” ಪಾತ್ರೆ ಹಿಡಿದು ಓಣಿಯಲ್ಲೆಲ್ಲ ಹಸು ಹುಡುಕಿದಳು. “ನಿನ್ನ ಮಕ್ಕಳು ಬೆಂಗಳೂರ ಕಡೆ ಮಂದಿ ಆಗ್ಯಾವಲ್ಲವಾ,” ಎಂದು ತಾಯಿ ನಕ್ಕರು. ನಿನ್ನ ಊರು ಇದೇ ಎಂದು ಮಗಳಿಗೆ ಹೇಳಬೇಕೆನಿಸಿತು, ಹೇಳಲಾಗಲಿಲ್ಲ.

ವಾಪಸು ಬಂದ ಬೆಳಿಗ್ಗೆ ಪಿಳ್ಳಮ್ಮನ ಬಕೆಟ್ಟು ಎಂದಿನಂತೆ ನಮ್ಮ ಹಿತ್ತಲ ಗೋಡೆಯ ಮೇಲಿತ್ತು. ಎಷ್ಟು ಧೈರ್ಯ ಎಂದುಕೊಂಡು ಅದನ್ನು ಬೋರಲು ಹಾಕಿದೆ. ಸುಮಾ ಬಂದು ಎತ್ತಿ ನಿಲ್ಲಿಸಿ, ಕಲಗಚ್ಚು ತುಂಬಿದಳು.

“ಅವರ ಮನೆಗೆ ಕೊಡಬೇಡ,” ಎಂದೆ.

“ಹಸು ಏನ್ ಮಾಡ್ತಮ್ಮಾ? ಮೇಯೋಕೆ ಅದಕ್ಕೀಗ ತೋಪೂ ಇಲ್ಲ.”

ಬಕೆಟ್ಟು ಈಗ ದಿನವೂ ಹೋಗುತ್ತದೆ. ಪಿಳ್ಳಮ್ಮನಿಗೂ ನನಗೂ ಇನ್ನೂ ಮಾತಿಲ್ಲ.